ವೇಗ ಬೇಕೇ? ಸೌಲಭ್ಯ ಬೇಕೇ?

ಮಕ್ಕಳೇ, ಕಂಪ್ಯೂಟರ್ ಚಾಲೂ ಮಾಡಿದಾಗ ಪರದೆಯ ಮೇಲೆ ಚಿತ್ರ, ಪುಟ್ಟ ಗುರುತುಗಳು, ಅಂಚಿನಲ್ಲೊಂದು ಪಟ್ಟಿ ಕಾಣುತ್ತವೆ ಅಲ್ಲವೇ? ಇವನ್ನೆಲ್ಲ ತೋರಿಸುವ ತಂತ್ರಾಂಶಕ್ಕೆ 'ಡೆಸ್ಕ್‌ಟಾಪ್ ಪರಿಸರ' ಎಂದು ಹೆಸರು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಇಂಥ ಪರಿಸರಗಳು ಹಲವು. ಕೆಡಿಇ ಮತ್ತು ಎಕ್ಸ್‌ಎಫ್‌ಸಿಇ 1996ರಲ್ಲಿ, ಗ್ನೋಮ್ 1997ರಲ್ಲಿ, ಎಲ್‌ಎಕ್ಸ್‌ಡಿಇ 2006ರಲ್ಲಿ ಆರಂಭವಾದವು. ಒಂದು ಇರುವಾಗ ಇಷ್ಟೊಂದು ಏಕೆ?

ನಿಮ್ಮ ಶಿಕ್ಷಕರ ಮೇಜನ್ನು ನೋಡಿ. ಮೇಜಿನ ಮೇಲಿರುವ ಪುಸ್ತಕ ತಟ್ಟನೆ ಕೈಗೆ ಸಿಗುತ್ತದೆ. ಮೇಜು ತುಂಬಿಹೋದರೆ ಕೆಲವನ್ನು ಬೀರುವಿನಲ್ಲಿಟ್ಟು, ಬೇಕಾದಾಗಲೆಲ್ಲ ಎದ್ದು ಹೋಗಿ ತರಬೇಕು. ಕಂಪ್ಯೂಟರಿನ ರ‍್ಯಾಮ್ ಎಂಬ ಮೆಮೊರಿಯೇ ಮೇಜು. ಹಾರ್ಡ್ ಡಿಸ್ಕ್ ಬೀರು. ಕಿಟಕಿಗಳ ನೆರಳು, ಚಲಿಸುವ ಅಲಂಕಾರ, ಕಡತ ಹುಡುಕಿಕೊಡುವ ವ್ಯವಸ್ಥೆ ಹೀಗೆ ಒಂದೊಂದು ಸೌಲಭ್ಯವೂ ಮೇಜಿನ ಮೇಲೆ ಜಾಗ ಕೇಳುತ್ತದೆ. ಜಾಗ ಮುಗಿದರೆ ಯಂತ್ರ ಪದೇ ಪದೇ ಬೀರುವಿಗೆ ಓಡುತ್ತದೆ. ಅದೇ ನಿಧಾನಕ್ಕೆ ಕಾರಣ.

ನಮ್ಮ ಜಿಲ್ಲೆಯ ಒಂದು ಶಾಲೆಯಲ್ಲಿ 1 ಜಿಬಿ ಮೆಮೊರಿಯ ನಾಲ್ಕು ಹಳೆಯ ಕಂಪ್ಯೂಟರ್‌ಗಳಿದ್ದವು. ಪರದೆ ಸಿದ್ಧವಾಗುವಷ್ಟರಲ್ಲಿ ಮಕ್ಕಳು ಹತ್ತರಿಂದ ಹದಿನೈದರವರೆಗೆ ಮಗ್ಗಿ ಹೇಳಿ ಮುಗಿಸುತ್ತಿದ್ದರು! ಅವನ್ನು ನಿರುಪಯುಕ್ತ ವಸ್ತುಗಳ ಪಟ್ಟಿಗೆ ಸೇರಿಸುವ ಮಾತು ನಡೆದಿತ್ತು. ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿ ನೋಡೋಣ ಎಂದೆ. ಅದರ ಗುರುತು ಒಂದು ಇಲಿ.

ಆಗ ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳಿಗೆ ದೃಷ್ಟಿ ಬಹಳ ಮಂದ. ಗ್ನೋಮ್ ಬಳಗದ 'ಓರ್ಕಾ' ತಂತ್ರಾಂಶ ಪರದೆಯ ಬರಹವನ್ನು ಓದಿ ಹೇಳುತ್ತಿದ್ದುದರಿಂದಲೇ ಅವಳು ಕಲಿಯುತ್ತಿದ್ದಳು. "ನಿಧಾನ ಆದ್ರೂ ಪರವಾಗಿಲ್ಲ ಸರ್, ನಂಗೆ ಅದು ಓದಿ ಹೇಳ್ಬೇಕು" ಎಂದಳು.

ಉಳಿದವರಿಗೆ ಅಲಂಕಾರ ಹೆಚ್ಚುವರಿ ಇರಬಹುದು. ಅವಳಿಗೆ ಆ ಸೌಲಭ್ಯವೇ ಕಣ್ಣು. ಮೂರು ಯಂತ್ರಗಳಿಗೆ ಹಗುರ ಪರಿಸರ ಹಾಕಿದೆವು. ನಾಲ್ಕನೆಯದರಲ್ಲಿ ಗ್ನೋಮ್ ಉಳಿಸಿ, ಕೆಟ್ಟು ಮೂಲೆ ಸೇರಿದ್ದ ಇನ್ನೊಂದು ಕಂಪ್ಯೂಟರಿನ ಮೆಮೊರಿ ಬಿಲ್ಲೆಯನ್ನು ಅದಕ್ಕೆ ಜೋಡಿಸಿದೆವು. ಅಂದರೆ ಮೇಜನ್ನು ದೊಡ್ಡದು ಮಾಡಿದೆವು! ಹಣ ಖರ್ಚಾಗಲಿಲ್ಲ. ನಾಲ್ಕೂ ಯಂತ್ರಗಳು ತರಗತಿಯಲ್ಲೇ ಉಳಿದವು.

ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಹಂಚಬಹುದು. 2011ರಲ್ಲಿ ಗ್ನೋಮ್ ಹೊಸ ರೂಪ ತಳೆದಾಗ, ಹಳೆಯದೇ ಇರಲಿ ಎಂದವರು ಅದನ್ನು 'ಮಾಟೆ' ಎಂಬ ಹೆಸರಿನಲ್ಲಿ ಮುಂದುವರಿಸಿದರು. ಹಾಗಾಗಿ 'ಯಾವುದು ಒಳ್ಳೆಯದು?' ಎಂದು ಕೇಳುವ ಮೊದಲು 'ಯಾರಿಗೆ? ಯಾವ ಯಂತ್ರಕ್ಕೆ?' ಎಂದು ಕೇಳಬೇಕು.

ಮಾಡಿ ನೋಡಿ: ನಿಮ್ಮ ಶಾಲೆಯ ಕಂಪ್ಯೂಟರ್ ಚಾಲೂ ಮಾಡಿ, ಚಿತ್ರ ಬರೆಯುವ ತಂತ್ರಾಂಶ ತೆರೆಯಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ನೋಡಿ ಬರೆದಿಡಿ. ಅದನ್ನು ಮುಚ್ಚಿ ಮತ್ತೆ ತೆರೆಯಿರಿ. ಎರಡನೇ ಸಲ ಬೇಗ ತೆರೆಯಿತೇ? ಏಕೆ? ಮೇಜು ಮತ್ತು ಬೀರುವನ್ನು ನೆನಪಿಸಿಕೊಂಡು ಉತ್ತರಿಸಿ.