ಕಬ್ಬಿಗೂ ಕಡಲಿಗೂ ಬೇಕು ಕಬ್ಬಿಣ

ಮಕ್ಕಳೇ, ಮದ್ದೂರು, ಮಳವಳ್ಳಿ ಕಡೆಯ ಕೂಳೆ ಕಬ್ಬಿನ ಗದ್ದೆಗಳಲ್ಲಿ ಒಮ್ಮೊಮ್ಮೆ ಎಳೆಯ ಗರಿಗಳು ಹಸಿರು ಕಳೆದುಕೊಂಡು ಬಿಳಿಚಿಕೊಂಡಿರುವುದನ್ನು ನೋಡಿದ್ದೀರಾ? ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಬೇರಿಗೆ ಕಬ್ಬಿಣ ದಕ್ಕುವುದಿಲ್ಲ. ಕಬ್ಬಿಣವಿಲ್ಲದೆ ಎಲೆ ಹಸಿರಾಗದು. ಆಗ ರೈತರು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ನೀರಿನಲ್ಲಿ ಕರಗಿಸಿ ಸಿಂಪಡಿಸುತ್ತಾರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಬೆಳೆ ಸಾಲಕ್ಕೆ ಬರುತ್ತಿದ್ದ ರೈತರಿಂದ ಕೇಳಿ ತಿಳಿದ ವಿಷಯ ಇದು. ಕಡಲಿಗೂ ಇದೇ ಕೊರತೆ ಇದೆ ಎಂದು ಗೊತ್ತಾದದ್ದು ನಿವೃತ್ತನಾದ ಮೇಲೆ, ಪುಸ್ತಕ ಓದುತ್ತ.

ಕಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿವೆ. ಅವೇ ಅಲ್ಲಿನ ಹುಲ್ಲು. ಅವನ್ನು ಸೀಗಡಿಯಂಥ ಪುಟ್ಟ ಜೀವಿಗಳು ಮೇಯುತ್ತವೆ. ಆ ಜೀವಿಗಳು ಮೀನಿಗೆ, ತಿಮಿಂಗಿಲಕ್ಕೆ ಆಹಾರ. ಈ ಪಾಚಿಗೂ ಕಬ್ಬಿಣ ಬೇಕು. ಆದರೆ ಅಂಟಾರ್ಕ್ಟಿಕದ ಸುತ್ತಲಿನ ಸಾಗರದಿಂದ ಹತ್ತು ಸಾವಿರ ಲೀಟರಿನ ಟ್ಯಾಂಕರ್ ತುಂಬ ನೀರು ತಂದರೂ ಅದರಲ್ಲಿ ಕರಗಿರುವ ಕಬ್ಬಿಣ ಒಂದು ಸಾಸಿವೆ ಕಾಳಿನ ತೂಕ ಬರುವುದಿಲ್ಲ!

ಇದನ್ನು ಹೇಳಿದಾಗ ಮೊಮ್ಮಗಳು ಕೇಳಿದಳು: “ತಾತ, ಮಳೆಗಾಲದಲ್ಲಿ ನಮ್ಮ ಶಿಂಷಾ ಕೆಂಪಗೆ ಹರಿಯುತ್ತಲ್ಲ, ಆ ಕಬ್ಬಿಣ ಎಲ್ಲಿ ಹೋಗುತ್ತೆ?”

ಒಳ್ಳೆಯ ಪ್ರಶ್ನೆ. ಕೆಂಪು ಮಣ್ಣಿನ ಬಣ್ಣ ಕಬ್ಬಿಣದ್ದೇ. ಶಿಂಷಾ ಮದ್ದೂರು ದಾಟಿ, ಮಳವಳ್ಳಿ ತಾಲ್ಲೂಕಿನಲ್ಲಿ ಧುಮುಕಿ ಕಾವೇರಿ ಸೇರುತ್ತದೆ. ಕಾವೇರಿ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ದಾರಿಯಲ್ಲಿ ಮೆಟ್ಟೂರು ಅಣೆಕಟ್ಟೆ ಹೂಳನ್ನು ತಡೆಯುತ್ತದೆ. ನೀರಿನಲ್ಲಿ ಉಳಿದ ಕಬ್ಬಿಣದಲ್ಲೂ ಹೆಚ್ಚಿನ ಪಾಲು ಸಿಹಿನೀರು ಉಪ್ಪುನೀರನ್ನು ಕೂಡುವಲ್ಲೇ ಒಟ್ಟುಗೂಡಿ ತಳಕ್ಕೆ ಇಳಿಯುತ್ತದೆ. ದಡದಿಂದ ಬಹುದೂರಕ್ಕೆ ಕಬ್ಬಿಣ ಹೊತ್ತೊಯ್ಯುವುದು ಗಾಳಿ. ಸಹಾರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ದಾಟಿ ಅಮೆರಿಕವನ್ನೇ ಮುಟ್ಟುತ್ತದೆ. ಕರಗುವ ಹಿಮಗಡ್ಡೆಗಳೂ ಕಡಲ ತಳದ ಬಿಸಿನೀರ ಬುಗ್ಗೆಗಳೂ ಸ್ವಲ್ಪ ಕೊಡುತ್ತವೆ. ತಿಮಿಂಗಿಲದ ಲದ್ದಿಯಲ್ಲೂ ಕಬ್ಬಿಣ ಹೇರಳ. ನಮ್ಮ ತಿಪ್ಪೆಗೊಬ್ಬರದಂತೆ ಅದು ಮತ್ತೆ ಪಾಚಿಗೆ ಸಿಗುತ್ತದೆ.

ಹಾಗಾದರೆ ಕಡಲಿಗೂ ಅನ್ನಭೇದಿ ಹಾಕಿದರೆ? 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಜರ್ಮನಿಯ ವಿಜ್ಞಾನಿಗಳ ಜೊತೆ ‘ಪೋಲಾರ್‌ಸ್ಟರ್ನ್’ ಹಡಗಿನಲ್ಲಿ ದಕ್ಷಿಣ ಅಟ್ಲಾಂಟಿಕ್‌ಗೆ ಹೋಗಿ ಇದನ್ನೇ ಮಾಡಿ ನೋಡಿದರು. ಸುಮಾರು 300 ಚದರ ಕಿಲೋಮೀಟರ್ ಕಡಲಿಗೆ ಟನ್‌ಗಟ್ಟಲೆ ಅನ್ನಭೇದಿ! ಪ್ರಯೋಗದ ಹೆಸರು ‘ಲೋಹಾಫೆಕ್ಸ್’. ಹಿಂದಿಯಲ್ಲಿ ಲೋಹಾ ಎಂದರೆ ಕಬ್ಬಿಣ. ಪಾಚಿ ಬೆಳೆದು, ಗಾಳಿಯ ಇಂಗಾಲ ಹೀರಿ, ಸತ್ತು ತಳ ಸೇರಿದರೆ ಭೂಮಿಯ ಬಿಸಿ ತಗ್ಗೀತು ಎಂಬ ಆಸೆ ಅನೇಕರಿಗಿತ್ತು. ಪಾಚಿಯೇನೋ ಬೆಳೆಯಿತು. ಆದರೆ ಪುಟ್ಟ ಜೀವಿಗಳು ಅದನ್ನು ಮೇಯ್ದುಬಿಟ್ಟವು. ಗಟ್ಟಿ ಕವಚದ ಪಾಚಿ ಬೆಳೆಯಲು ಬೇಕಾದ ಸಿಲಿಕಾ ಅಲ್ಲಿ ಸಾಲದಾಗಿತ್ತು. ತಳಕ್ಕಿಳಿದ ಇಂಗಾಲ ತೀರಾ ಕಡಿಮೆ.

ರೈತ ಹಾಕಿದ್ದು ಅವನ ಬೆಳೆಗೇ ಸಿಗುತ್ತದೆ; ಗದ್ದೆಗೆ ಬದು ಉಂಟು. ಕಡಲಿಗೆ ಬದುವಿಲ್ಲ. ಅಲ್ಲಿ ನಾವು ಜಮಾ ಮಾಡಿದ್ದನ್ನು ಯಾರು ತೆಗೆದುಕೊಳ್ಳುತ್ತಾರೋ ಹೇಳುವಂತಿಲ್ಲ. ನಾವು ಎಬ್ಬಿಸಿದ ಹೊಗೆಯನ್ನು ಕಡಲು ನುಂಗಲಿ ಎಂದು ಕೂರುವ ಬದಲು, ಹೊಗೆಯನ್ನೇ ಕಡಿಮೆ ಮಾಡೋಣ. ಕಬ್ಬು ಕಡಿದ ಮೇಲೆ ಒಣ ತರಗಿಗೆ ಬೆಂಕಿ ಇಡದೆ ಗದ್ದೆಯಲ್ಲೇ ಕೊಳೆಯಲು ಬಿಡಿ ಎಂದು ನಿಮ್ಮ ಮನೆಯ ಹಿರಿಯರಿಗೆ ಹೇಳಿ. ಮಣ್ಣಿಗೆ ಗೊಬ್ಬರವೂ ಆಯಿತು, ಹೊಗೆಯೂ ತಪ್ಪಿತು.