ಕಟ್ಟೆಯ ಕೆಳಗಿನ ಕಾಣದ ನೆಲ

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಊರಿಗೊಂದು ಹೊಳೆಯ ನಂಟು. ಕೃಷ್ಣರಾಜನಗರಕ್ಕೆ ಕಾವೇರಿ, ಹುಣಸೂರಿಗೆ ಲಕ್ಷ್ಮಣತೀರ್ಥ, ಹೆಗ್ಗಡದೇವನಕೋಟೆಗೆ ಕಪಿಲೆ. ವೈನಾಡಿನ ಮಳೆಯನ್ನು ಹೊತ್ತು ಬರುವ ಈ ಕಪಿಲೆಯನ್ನು ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ತಡೆದು ನಿಲ್ಲಿಸಿರುವುದು 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟು. ಮೈಸೂರಿನಿಂದ ಮಾನಂದವಾಡಿ ರಸ್ತೆಯನ್ನು ಹಿಡಿದರೆ ಒಂದು ಭಾನುವಾರದಲ್ಲಿ ಹೋಗಿ ಬರಬಹುದು. ಹೋದವರೆಲ್ಲ ಆಡುವುದು ಆನೆಗಳ ಮಾತು. ಬೇಸಗೆಯಲ್ಲಿ ಹಿನ್ನೀರಿನ ಹಸಿರಿಗೆ ಹಿಂಡುಹಿಂಡಾಗಿ ಇಳಿಯುವ ಆನೆಗಳನ್ನು ನೋಡುವುದು ಕಣ್ಣಿಗೆ ಹಬ್ಬವೇ ಸರಿ. ಆದರೆ ಸುಮಾರು 19.5 ಟಿ.ಎಂ.ಸಿ. ಅಡಿ ನೀರನ್ನು ತಡೆದ ಕಟ್ಟೆಯ ಬುಡದಲ್ಲಿ ಏನು ನಡೆದೀತೆಂದು ಕೇಳುವವರು ವಿರಳ.

ಇಲ್ಲಿ ಕೋಡಿಯ ಭಾಗ ಕಲ್ಲಿನದು, ಇಕ್ಕೆಲಗಳ ಏರಿ ಮಣ್ಣಿನದು. ಮಣ್ಣಿನ ಏರಿಯ ಗುಣಾವಗುಣಗಳನ್ನು ನಮ್ಮ ಕೆರೆಗಳ ನೀರುಗಂಟಿಗಳು ತಲೆಮಾರುಗಳಿಂದ ಬಲ್ಲರು. ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಹೊರಡುತ್ತಿದೆಯೆಂದು ಅರ್ಥ. ಅಮೆರಿಕದ ಐಡಹೊ ಸಂಸ್ಥಾನದ ಟೀಟನ್ ಕಟ್ಟೆ 1976ರ ಜೂನ್ 5ರಂದು, ಮೊದಲ ಸಲ ತುಂಬುತ್ತಿದ್ದಾಗಲೇ, ಹೀಗೆ ಕೆಲವೇ ಗಂಟೆಗಳಲ್ಲಿ ಒಡೆದು 11 ಮಂದಿಯನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಬುಡದ ಬಂಡೆಗೆ ಸಿಮೆಂಟು ತುಂಬಿಸಿರಲಿಲ್ಲವೆಂದಲ್ಲ, ಧಾರಾಳವಾಗಿಯೇ ತುಂಬಿಸಿದ್ದರು. ಆದರೂ ಬಿರುಕುಗಳು ಉಳಿದಿದ್ದವು.

ನೆಲದೊಳಗೆ ಕೊಳವೆ ಇಳಿಸಿ, ಸಿಮೆಂಟಿನ ತೆಳುಗಂಜಿಯನ್ನು ಒತ್ತಡದಿಂದ ಹೊಗಿಸಿ, ಸಂದುಗೊಂದುಗಳನ್ನು ಮುಚ್ಚುವ ಈ ಕೆಲಸಕ್ಕೆ ಗ್ರೌಟಿಂಗ್ ಎಂದು ಹೆಸರು. ಗಂಜಿ ಎಲ್ಲಿಗೆ ಹೋಯಿತೆಂಬುದು ಯಾರ ಕಣ್ಣಿಗೂ ಬೀಳದು. ಒತ್ತಡ ಸಾಲದಿದ್ದರೆ ಸಂದು ತುಂಬದು. ಮಿತಿಮೀರಿದರೆ ಮಣ್ಣೇ ಸೀಳಿ ಹೊಸ ದಾರಿ ತೆರೆಯುತ್ತದೆ, ಮೇಲಿನ ನೆಲ ಉಬ್ಬುತ್ತದೆ. ಮದ್ದೇ ರೋಗವಾಗುವ ಪ್ರಸಂಗ! ಹಿಂದೆ ಪಂಪಿನ ಬಳಿಯ ಮುಳ್ಳನ್ನು ನೋಡಿ, ಸಿಮೆಂಟಿನ ಚೀಲಗಳನ್ನೆಣಿಸಿ ಲೆಕ್ಕ ಬರೆಯುತ್ತಿದ್ದರು. ಆದರೆ ಪಂಪಿನ ಬಳಿಯ ಒತ್ತಡವೇ ಬೇರೆ, ಆಳದ ಒತ್ತಡವೇ ಬೇರೆ.

ಈಗ ಈ ಕೆಲಸಕ್ಕೆ ಎಲೆಕ್ಟ್ರಾನಿಕ್ ಮಾಪಕಗಳು ಬಂದಿವೆ. ಕೊಳವೆಯ ಒಂದು ಭಾಗದಲ್ಲಿ ಕಾಂತಕ್ಷೇತ್ರವನ್ನು ಏರ್ಪಡಿಸಿರುತ್ತಾರೆ. ಅದನ್ನು ಹಾದುಹೋಗುವ ಗಂಜಿ ತನ್ನ ವೇಗಕ್ಕೆ ತಕ್ಕಷ್ಟು ಸೂಕ್ಷ್ಮ ವೋಲ್ಟೇಜನ್ನು ಹುಟ್ಟಿಸುತ್ತದೆ. ತಿರುಗುವ ಚಕ್ರವೊಂದೂ ಇಲ್ಲದ ಕಾರಣ ಸಿಮೆಂಟು ಕಚ್ಚಿಕೊಂಡು ಕೆಡುವ ಕಾಟ ಕಡಿಮೆ. ರಂಧ್ರದ ಬಾಯಲ್ಲಿ ಒತ್ತಡಮಾಪಕ. ಎರಡರ ಗೆರೆಗಳೂ ಪರದೆಯ ಮೇಲೆ ಜೊತೆಯಾಗಿ ಓಡುತ್ತವೆ. ಒತ್ತಡ ಏರಿ ಹರಿವು ಇಳಿದರೆ ಸಂದು ತುಂಬುತ್ತಿದೆ. ಒತ್ತಡ ಥಟ್ಟನೆ ಕುಸಿದು ಹರಿವು ನುಗ್ಗಿದರೆ ನೆಲ ಸೀಳಿತೆಂದು ಶಂಕಿಸಿ ಪಂಪನ್ನು ನಿಲ್ಲಿಸಬೇಕು. ಕೆಲಸ ಮುಗಿಸುವ ಆತುರದವರಿಗೆ ಈ ನಿಲ್ಲಿಸುವುದೇ ಕಷ್ಟ.

ನನಗೆ ಇವೆಲ್ಲಕ್ಕಿಂತ ಸೊಗಸೆನಿಸುವುದು ಮಣ್ಣಿನಲ್ಲಿ ಹೂತಿಡುವ ತಂತಿಯ ಮಾಪಕ. ಬೆರಳು ಗಾತ್ರದ ಉಕ್ಕಿನ ಕೊಳವೆಯಲ್ಲಿ ವೀಣೆಯಂತೆ ಬಿಗಿದ ಒಂದು ತಂತಿ. ಅದರ ತುದಿಗೆ ತೆಳುವಾದ ಪೊರೆ. ಮಣ್ಣಿನೊಳಗಿನ ನೀರು ಪೊರೆಯನ್ನು ಒತ್ತಿದಂತೆ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ವಿದ್ಯುತ್ತಿನಿಂದ ತಂತಿಯನ್ನು ಮೀಟಿ, ಕಂಪನಗಳನ್ನೆಣಿಸಿದರೆ ಒತ್ತಡ ತಿಳಿಯಿತು. ಕೇಬಲು ಎಷ್ಟೇ ಉದ್ದವಾದರೂ ಎಣಿಕೆ ಕೆಡದು. ಗ್ರೌಟಿಂಗ್ ಫಲಿಸಿದ್ದರೆ ಸಿಮೆಂಟಿನ ತೆರೆಯ ಈಚೆಗೆ, ನೀರಿಲ್ಲದ ಮಗ್ಗುಲಿನಲ್ಲಿ, ಒತ್ತಡ ತಗ್ಗಿರಬೇಕು. ತಗ್ಗಿಲ್ಲವಾದರೆ ಕೊಳವೆಯನ್ನು ಮತ್ತೆ ಇಳಿಸಬೇಕಾದ ಜಾಗ ಅದೇ. ವೈನಾಡಿನಲ್ಲಿ ಮಳೆ ಹಿಡಿದು ಜಲಾಶಯ ತುಂಬುವ ದಿನಗಳಲ್ಲಿ ಇಂಥ ಶ್ರುತಿಯನ್ನು ಹೆಚ್ಚೆಚ್ಚು ಸಲ ಕೇಳಬೇಕಾಗುತ್ತದೆ. ಪ್ರವಾಸಿಗಳು ಕೋಡಿಯ ನೊರೆಯನ್ನು ನೋಡಲು ಬರುವುದೂ ಆಗಲೇ.