ನಮ್ಮ ಹೊಳೆ ಮುಟ್ಟುವ ಊರು

ಹೊಸೂರು ಸೀಮೆಯವರಿಗೆ ಕಡಲು ಎಂದರೆ ಮದರಾಸು. ಮದುವೆಗೋ ಆಸ್ಪತ್ರೆಗೋ ಹೋದವರು ಸಂಜೆ ಮರೀನಾದಲ್ಲಿ ಕಾಲು ನೆನೆಸಿಕೊಂಡು ಬಂದು, ಕಡಲು ನೋಡಿದೆವು ಎನ್ನುತ್ತಾರೆ. ನೋಡಿದ್ದು ನಿಜವೇ, ಆದರೆ ಅದು ನಮ್ಮ ಕಡಲಲ್ಲ ಎಂದು ನನ್ನ ವಾದ. ಕೆಲವರಪಲ್ಲಿ ಡ್ಯಾಮಿನ ಬಾಗಿಲಿಂದ ಹೊರಬಿದ್ದ ನೀರು ಹರಿದು ಹರಿದು ಎಲ್ಲಿ ಉಪ್ಪಾಗುತ್ತದೋ ಅದೇ ನಮ್ಮ ಕಡಲು. ಅಲ್ಲಿರುವ ಊರು ಕಡಲೂರು.

ಅವಲಪಲ್ಲಿಯಂಥ ಊರಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು ಆಡಿಕೊಂಡು ಬದುಕುವ ನಮಗೆ ಯಾವುದು ನಮ್ಮದು, ಯಾವುದು ಪರರದು ಎಂಬ ಪ್ರಶ್ನೆ ದಿನಕ್ಕೊಂದು ಸಲವಾದರೂ ಎದುರಾಗುತ್ತದೆ. ಈ ಹೊಳೆಗೆ ಆ ಪ್ರಶ್ನೆಯೇ ಇಲ್ಲ. ನಂದಿಬೆಟ್ಟದ ಕಡೆ ಹುಟ್ಟುವಾಗ ಅದು ದಕ್ಷಿಣ ಪಿನಾಕಿನಿ. ಹೊಸಕೋಟೆ ದಾಟಿ, ಬಾಗಲೂರಿನ ಬಳಿ ಗಡಿ ಹಾದು ನಮ್ಮಲ್ಲಿಗೆ ಬರುವಾಗ ಪೆನ್ನೆ. ಮುಂದೆ ತೆನ್‌ಪೆಣ್ಣೈ, ಪೊನ್ನೈಯಾರು. ಹೆಸರು ಬದಲಾದರೂ ನೀರು ಅದೇ. ಸುಮಾರು 400 ಕಿಲೋಮೀಟರ್ ದಾರಿಯಲ್ಲಿ ಮೊದಲು 44 ಅಡಿಯ ಕೆಲವರಪಲ್ಲಿ, ಆಮೇಲೆ 52 ಅಡಿಯ ಕೃಷ್ಣಗಿರಿ ಡ್ಯಾಮು, ಅದರಾಚೆ 119 ಅಡಿಯ ಸಾತನೂರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ತಂಪು ಬಯಲಿಂದ ಹೊರಟು, ಚೆಂಗಂ, ತಿರುಕೋವಿಲೂರು ದಿಕ್ಕಿಗೆ ಇಳಿಯುತ್ತ, ಕೊನೆಗೆ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಮೇಲಿರುವ ಮರಳು ನೆಲಕ್ಕೆ ಬರುತ್ತದೆ.

ಕಡಲೂರಿನ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಊರಿನ ಬಡಗಲಿಗೆ ನಮ್ಮ ಪೆನ್ನೆ. ನಡುವೆ ಗಡಿಲಂ ನದಿ, ಊರನ್ನು ಎರಡಾಗಿ ಸೀಳುತ್ತದೆ. ತೆಂಕಲಿಗೆ ಉಪ್ಪನಾರು, ಪರವನಾರು. ಒಂದು ಕಡೆ ಬಂದರೂ ಮೀನುಪೇಟೆಯೂ ಇರುವ ಹಳೇ ಊರು, ಇನ್ನೊಂದು ಕಡೆ ತಿರುಪಾದಿರಿಪುಲಿಯೂರು, ಮಂಜಕುಪ್ಪಂ, ಕಚೇರಿಗಳು, ಬಸ್ ನಿಲ್ದಾಣ. ಪೂರ್ವಕ್ಕೆ ದೇವನಾಂಪಟ್ಟಿಣಂ, ಅದರ ಸಿಲ್ವರ್ ಬೀಚು. ಇಷ್ಟೊಂದು ನದಿಗಳು ಒಂದೇ ಊರಿನ ಬಳಿ ಕಡಲಿಗೆ ಬೀಳುವುದೆಂದರೆ ಒಳ್ಳೆಯ ಕಾಲದಲ್ಲಿ ಮೀನು, ಉಪ್ಪು, ಬಂದರು. ಕೆಟ್ಟ ಕಾಲದಲ್ಲಿ ನೆರೆ.

ಹಳೆಯ ಕಾಲದಿಂದ ಶುರುಮಾಡೋಣ. ತಿರುಪಾದಿರಿಪುಲಿಯೂರು ಒಂದು ಕಾಲಕ್ಕೆ ಜೈನರ ದೊಡ್ಡ ವಿದ್ಯಾಕೇಂದ್ರ. ಪಾಟಲಿಪುರ, ಪಾಟಲಿಕಾ ಎಂದೆಲ್ಲ ಅದನ್ನು ಕರೆಯುತ್ತಿದ್ದರು. ಶಕವರ್ಷ 380ರಲ್ಲಿ, ಅಂದರೆ ಕ್ರಿ.ಶ. 458ರಲ್ಲಿ, ಸರ್ವನಂದಿ ಎಂಬ ಜೈನ ಮುನಿ 'ಲೋಕವಿಭಾಗ' ಎಂಬ ವಿಶ್ವವರ್ಣನೆಯ ಗ್ರಂಥವನ್ನು ಪಾಟಲಿಕಾದಲ್ಲಿ ಬರೆದ. ಮೂಲ ಪ್ರಾಕೃತ ಕಳೆದುಹೋಗಿ, ಸಿಂಹಸೂರಿಯ ಸಂಸ್ಕೃತ ರೂಪ ಮಾತ್ರ ಉಳಿದಿದೆ. ಸೊನ್ನೆಯನ್ನೂ ಸೇರಿಸಿ ಸ್ಥಾನಬೆಲೆಯ ಪ್ರಕಾರ ದೊಡ್ಡ ಸಂಖ್ಯೆಗಳನ್ನು ಹೇಳುವ ಕ್ರಮಕ್ಕೆ ಅತ್ಯಂತ ಹಳೆಯ ಸಾಕ್ಷಿಗಳಲ್ಲಿ ಒಂದೆಂದು ಗಣಿತದ ಚರಿತ್ರೆ ಬರೆಯುವವರು ಆ ಗ್ರಂಥವನ್ನು ಹೆಸರಿಸುತ್ತಾರೆ. ಶ್ರವಣಬೆಳಗೊಳವನ್ನು ನಮ್ಮದೆಂದು ಹೆಮ್ಮೆಪಡುವ ಕನ್ನಡಿಗರು ಈ ಪಾಟಲಿಕಾವನ್ನೂ ನೆನೆಯಬೇಕು. ಮುಂದೆ 7ನೆಯ ಶತಮಾನದಲ್ಲಿ ಇಲ್ಲಿನ ಜೈನ ಮಠದಲ್ಲಿ ಧರ್ಮಸೇನನೆಂಬ ಹೆಸರಿನಲ್ಲಿದ್ದವರು ಶೈವಕ್ಕೆ ಮರಳಿ ಅಪ್ಪರ್ ಆದರು. ಕಲ್ಲಿಗೆ ಕಟ್ಟಿ ಕಡಲಿಗೆ ಎಸೆದರೂ ಅವರು ತೇಲಿ ದಡ ಸೇರಿದ್ದು ಇಲ್ಲೇ ಎಂದು ಊರವರು ನಂಬುತ್ತಾರೆ. ಇಲ್ಲಿನ ಪಾಟಲೀಶ್ವರ ದೇವಸ್ಥಾನದ ಸ್ಥಳವೃಕ್ಷ, ಊರಿನ ಹೆಸರಿನಲ್ಲೇ ಇರುವ ಪಾದರಿ ಮರ.

ನನಗೆ ಅತಿ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಮಾತ್ರ ತೋಪಿನ ಗುಂಡಿನ ವ್ಯಾಪಾರ. 1690ರಲ್ಲಿ ಜಿಂಜಿಯ ಮರಾಠರು ದೇವನಾಂಪಟ್ಟಿಣಂ ಕೋಟೆಯನ್ನು ಮಾರಲು ನಿಂತರು. ಕೊಂಡವರು ಈಸ್ಟ್ ಇಂಡಿಯಾ ಕಂಪನಿಯವರು. ಮದರಾಸಿನ ಗವರ್ನರ್ ಆಗ ಎಲಿಹು ಯೇಲ್, ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಅದೇ ಮನುಷ್ಯ. ಕೋಟೆಯ ಜೊತೆಗೆ ಎಷ್ಟು ನೆಲ ಎಂಬ ಮಾತು ಬಂದಾಗ, ಕೋಟೆಯಿಂದ ಹಾರಿಸಿದ ತೋಪಿನ ಗುಂಡು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಎಂದು ಕರಾರಾಯಿತು. ಕಂಪನಿಯವರು ಒಳ್ಳೆಯ ತೋಪನ್ನೂ ನುರಿತ ತೋಪಿನವನನ್ನೂ ಆರಿಸಿ ಸುತ್ತಲೂ ಹಾರಿಸಿದರು. ಗುಂಡು ಬಿದ್ದ ಹಳ್ಳಿಗಳೆಲ್ಲ ಕಂಪನಿಯವಾದವು. ಅವಕ್ಕೆ ಗುಂಡು ಗ್ರಾಮಗಳೆಂದೇ ಹೆಸರು ನಿಂತಿತು. ಆ ಹೊತ್ತಿಗೆ ಹೊಲದಲ್ಲಿ ಕಳೆ ಕೀಳುತ್ತಿದ್ದವರನ್ನು ಯಾರೂ ಏನೂ ಕೇಳಲಿಲ್ಲ. ನೆಲದ ಮೇಲೆ ಗೆರೆ ಎಳೆಯುವ ವಿಚಾರದಲ್ಲಿ ನಮ್ಮ ಗಡಿನಾಡಿನವರಿಗೆ ಇದು ಹೊಸ ಕಥೆಯಲ್ಲ. ಆದರೂ ತೋಪಿನ ಬಾಯಿಂದ ಗೆರೆ ಎಳೆದದ್ದನ್ನು ಓದಿದಾಗ ಮೈ ಜುಮ್ಮೆಂದಿತು.

ಆ ಕೋಟೆಗೆ ಸೇಂಟ್ ಡೇವಿಡ್ ಎಂದು ಹೆಸರಿಟ್ಟರು. 1746ರಲ್ಲಿ ಮದರಾಸು ಫ್ರೆಂಚರ ಕೈಗೆ ಹೋದಾಗ ತೆಂಕಣ ಭಾರತದಲ್ಲಿ ಇಂಗ್ಲಿಷರ ರಾಜಧಾನಿ ಇದೇ ಆಯಿತು. 1752ರವರೆಗೂ ಹಾಗೇ ಇತ್ತು. ರಾಬರ್ಟ್ ಕ್ಲೈವ್ ಇಲ್ಲಿಯ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡದ್ದು 1756ರ ಜೂನ್ 20ರಂದು. ಕಲ್ಕತ್ತೆಯ ಕೋಟೆ ಸಿರಾಜುದ್ದೌಲನ ವಶವಾದದ್ದೂ ಅದೇ ದಿನ. ಎರಡು ವರ್ಷದಲ್ಲಿ ಫ್ರೆಂಚರ ಲಾಲಿ ಬಂದು ಕೋಟೆಯನ್ನು ಗೆದ್ದು ಕೆಡವಿಸಿದ. ಗಡಿಲಂ ದಡದಲ್ಲಿ ಇಂದು ಉಳಿದಿರುವುದು ಅದರ ಅಳಿದುಳಿದ ಗೋಡೆಗಳು.

ನಮ್ಮ ಕಡೆಯವರೂ ಆ ಊರಿಗೆ ಹೋಗಿದ್ದಾರೆ, ದಂಡಿನ ಜೊತೆ. 1780ರ ಮಳೆಗಾಲದಲ್ಲಿ ಹೈದರಾಲಿಯ ಸೇನೆ ಬಾರಾಮಹಲ್ ಸೀಮೆಯಿಂದ ಚೆಂಗಂ ಕಣಿವೆ ಇಳಿದು ಆರ್ಕಾಟು ಸೀಮೆಯ ಬಯಲಿಗೆ ನುಗ್ಗಿತು. ಬಾರಾಮಹಲಿನ ಕೃಷ್ಣಗಿರಿ ಸೀಮೆಯೆಲ್ಲ ಆಗ ಮೈಸೂರಿನದು. 1781ರ ಜುಲೈ 1ರಂದು ಕಡಲೂರಿನ ತೆಂಕಲಿಗಿರುವ ಪರಂಗಿಪೇಟೆಯಲ್ಲಿ ಐರ್ ಕೂಟ್ ಹೈದರನನ್ನು ಸೋಲಿಸಿದ. ಮರುವರ್ಷ ಏಪ್ರಿಲ್‌ನಲ್ಲಿ ಫ್ರೆಂಚರೂ ಮೈಸೂರಿನವರೂ ಸೇರಿ ಕಡಲೂರನ್ನು ಹಿಡಿದರು. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಹೋದ. 1783ರ ಜೂನ್‌ನಲ್ಲಿ ಇಂಗ್ಲಿಷರ ಸ್ಟುವರ್ಟ್ ಊರನ್ನು ಮುತ್ತಿದ, ಒಳಗಿದ್ದವನು ಬುಸ್ಸಿ. ಜೂನ್ 20ರಂದು ಕಡಲ ಮೇಲೆ ಸುಫ್ರೆನ್ ಮತ್ತು ಹ್ಯೂಸ್ ಹಡಗುಗಳನ್ನು ಎದುರುಬದುರು ನಿಲ್ಲಿಸಿ ಹೋರಾಡಿದರು. ಅಷ್ಟರಲ್ಲಿ ಯೂರೋಪಿನಲ್ಲಿ ರಾಜಿಯಾದ ಸುದ್ದಿ ಬಂದು ಕಾಳಗ ನಿಂತಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಆ ದಿನಗಳಲ್ಲಿ ಟಿಪ್ಪು ಇದ್ದದ್ದು ಪಡುವಣ ಕಡಲಿನ ಮಂಗಳೂರಲ್ಲಿ, ಅಲ್ಲಿಯ ಕೋಟೆಗೆ ಮುತ್ತಿಗೆ ಹಾಕಿಕೊಂಡು. ರಾಜಿಯ ಸುದ್ದಿ ಮುಟ್ಟಿದ ಮೇಲೆ ಅವನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು. ಯುದ್ಧ ಕೊನೆಗೊಂಡದ್ದು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ. ಎರಡು ಕಡಲ ದಡಗಳ ಎರಡು ಊರುಗಳಲ್ಲಿ ನಡೆದ ಒಂದೇ ಯುದ್ಧದ ಮಧ್ಯೆ ನಮ್ಮ ಸೀಮೆ ಇತ್ತು. ಮುಂದೆ 1792ರಲ್ಲಿ ಬಾರಾಮಹಲ್, 1799ರಲ್ಲಿ ಹೊಸೂರು ಸೀಮೆ ಕಂಪನಿಗೆ ಸೇರಿದವು. ನಾವೂ ಕಡಲೂರಿನವರೂ ಒಂದೇ ಮದರಾಸು ಪ್ರಾಂತ್ಯದವರಾದದ್ದು ಹೀಗೆ.

ಕಡಲೂರಿಗೆ ಪುರಸಭೆ ಬಂದದ್ದು 1866ರಲ್ಲಿ. ತೆಂಕಣ ಆರ್ಕಾಟು ಜಿಲ್ಲೆಯ ಮುಖ್ಯ ಪಟ್ಟಣವಾಗಿದ್ದ ಊರು 1993ರಲ್ಲಿ ಜಿಲ್ಲೆ ಒಡೆದ ಮೇಲೆ ತನ್ನದೇ ಹೆಸರಿನ ಜಿಲ್ಲೆಗೆ ಮುಖ್ಯಸ್ಥಾನವಾಯಿತು, 2021ರಲ್ಲಿ ಮಹಾನಗರಪಾಲಿಕೆಯಾಯಿತು. ನಮ್ಮ ಹೊಸೂರು ಆ ಪಟ್ಟಕ್ಕೆ ಏರಿದ್ದು 2019ರಲ್ಲಿ. ವಯಸ್ಸಿನಲ್ಲಿ ಅದು ಅಣ್ಣ, ಪಟ್ಟದಲ್ಲಿ ನಾವು ಎರಡು ವರ್ಷ ಮುಂದೆ. ಎರಡೂ ಊರಿಗೆ ಸಿಪ್ಕಾಟ್ ಕೈಗಾರಿಕಾ ವಸಾಹತುಗಳಿವೆ. ನಮ್ಮದರಲ್ಲಿ ಯಂತ್ರ, ಬಿಡಿಭಾಗ ಹೆಚ್ಚು. ಅವರದು ಉಪ್ಪನಾರಿನ ದಡದ ರಾಸಾಯನಿಕ ಕಾರ್ಖಾನೆಗಳ ಸಾಲು. ಗಾಳಿಯ ವಾಸನೆಯ ಬಗ್ಗೆ, ನೀರಿನ ಬಣ್ಣದ ಬಗ್ಗೆ ಅಲ್ಲಿಯ ಮೀನುಗಾರರು ವರ್ಷಗಟ್ಟಲೆ ದೂರು ಹೇಳುತ್ತಲೇ ಬಂದಿದ್ದಾರೆ.

ಮಾತು ಎಲ್ಲಿಗೋ ಹೋಯಿತು ಎನ್ನಬೇಡಿ, ಹಲಸಿನ ಹಣ್ಣಿನ ವಿಷಯವನ್ನೂ ಸೇರಿಸಿಬಿಡುತ್ತೇನೆ. ಬೇಸಿಗೆಯಲ್ಲಿ ನಮ್ಮ ಪೇಟೆಗೆ ಬರುವ ಪನ್ರುಟಿ ಹಲಸು ಕಡಲೂರು ಜಿಲ್ಲೆಯದೇ. ಗೋಡಂಬಿಯೂ ಅಲ್ಲಿಂದ ಬರುತ್ತದೆ. ನೈವೇಲಿಯ ಕಂದು ಕಲ್ಲಿದ್ದಲಿನ ಕರೆಂಟು ಕರ್ನಾಟಕಕ್ಕೂ ಹೋಗುತ್ತದೆ. ಅವರ ನೆಲದ ಹಣ್ಣು, ಕರೆಂಟು ಮೇಲಕ್ಕೆ ಬರುತ್ತವೆ. ನಾವು ಕೆಳಕ್ಕೆ ಕಳಿಸುವುದು ನೀರು.

ಯಾವ ನೀರು ಎಂಬುದೇ ನನ್ನ ಸಂಕಟ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ಹರಿದು ಇದೇ ಹೊಳೆಗೆ ಸೇರುತ್ತದೆ. ಬೆಂಗಳೂರಿನ ಕೊಳಚೆ ಕೆಲವರಪಲ್ಲಿಗೆ ಬಂದು, ಬಾಗಿಲು ತೆಗೆದಾಗ ಬೆಳ್ಳನೆಯ ನೊರೆಯಾಗಿ ಎದ್ದು ನಿಲ್ಲುತ್ತದೆ. ರೋಜಾ, ಕೊತ್ತಂಬರಿ, ಎಲೆಕೋಸು ಬೆಳೆಯುವ ನಮ್ಮ ರೈತರು ಆ ನೀರಿಗೇ ಕೈಯೊಡ್ಡಬೇಕು. ಒಮ್ಮೆ ಡ್ಯಾಮಿನ ಬಳಿ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಏನಪ್ಪಾ, ಈ ನೊರೆ ಎಲ್ಲಿವರೆಗೂ ಹೋಗ್ತದೆ?" "ನೊರೆ ಇಲ್ಲೇ ಒಡೆದುಹೋಗ್ತದೆ ತಾತಾ, ಒಳಗಿರೋದು ಕಡಲವರೆಗೂ ಹೋಗ್ತದೆ" ಎಂದೆ. ಅವರು ತಲೆ ಆಡಿಸಿ ಟವೆಲ್ಲು ಕೊಡವಿ ಎದ್ದರು.

ಕಡಲೂರು ಪಟ್ಟ ಪಾಡು ಕಡಿಮೆಯಲ್ಲ. 2004ರ ಡಿಸೆಂಬರ್ 26ರ ಸುನಾಮಿ ದೇವನಾಂಪಟ್ಟಿಣಂನ ಮೀನುಗಾರರ ಮನೆಗಳನ್ನು ಎಳೆದುಕೊಂಡು ಹೋಯಿತು. 2011ರ ಡಿಸೆಂಬರ್ 30ರಂದು ಥಾಣೆ ಚಂಡಮಾರುತ ಹಲಸು, ಗೋಡಂಬಿ ತೋಪುಗಳನ್ನು ಮಲಗಿಸಿತು. 2015ರಲ್ಲಿ ಮತ್ತೆ ನೆರೆ. 2024ರ ಡಿಸೆಂಬರ್ ಮೊದಲ ದಿನಗಳಲ್ಲಿ ಫೆಂಗಲ್ ಚಂಡಮಾರುತದ ಮಳೆ ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನದಲ್ಲಿ 50 ಸೆಂಟಿಮೀಟರ್ ಸುರಿಯಿತು. ಸಾತನೂರು ತುಂಬಿ, ಅಲ್ಲಿಂದ ಒಂದೂವರೆ ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಟ್ಟರು. ಅದು ಕಡಲೂರಿನ ಪೆನ್ನೆಯ ದಡದ ಬಡಾವಣೆಗಳೊಳಗೆ ನುಗ್ಗಿತು. ನಮ್ಮ ಜಿಲ್ಲೆಯ ಮೇಲೆ ಬಿದ್ದ ಮಳೆ ಅವರ ಅಡುಗೆಮನೆಗೆ ಹೋಗಿ ನಿಂತಿತು ಎಂಬುದು ಬರಿಯ ಮಾತಲ್ಲ.

ತೈ ತಿಂಗಳ ಐದನೆಯ ದಿನ, ಅಂದರೆ ನಮ್ಮ ಸಂಕ್ರಾಂತಿ ಕಳೆದ ಕೆಲವೇ ದಿನಕ್ಕೆ, ಕಡಲೂರು ಕಡೆಯ ಊರುಗಳಲ್ಲಿ ಹೊಳೆಹಬ್ಬ ನಡೆಯುತ್ತದೆ. ಸುತ್ತಲಿನ ದೇವಸ್ಥಾನಗಳ ಉತ್ಸವಮೂರ್ತಿಗಳನ್ನು ಹೊತ್ತು ತಂದು ಪೆನ್ನೆಯಲ್ಲಿ ತೀರ್ಥಸ್ನಾನ ಮಾಡಿಸುತ್ತಾರೆ. ಮರಳಿನ ಮೇಲೆ ಜನವೋ ಜನ. ಹೊಸೂರು, ಬಾಗಲೂರು, ಕೃಷ್ಣಗಿರಿಯ ಬಂಧುಗಳೇ, ಹೊಸಕೋಟೆಯ, ವರ್ತೂರಿನ ಅಣ್ಣತಮ್ಮಂದಿರೇ, ಒಂದು ವರ್ಷ ಆ ಹಬ್ಬಕ್ಕೆ ಹೋಗಿ ಬನ್ನಿ. ಅವರು ದೇವರನ್ನು ಮೀಯಿಸುವ ನೀರು ನಮ್ಮ ಊರುಗಳನ್ನು ದಾಟಿ ಬಂದದ್ದು. ಹೊಳೆಗೆ ಬೀಳುವ ಕೊಳಚೆಯನ್ನು ಶುದ್ಧಮಾಡದೆ ಬಿಡಬೇಡಿ ಎಂದು ಅಧಿಕಾರಿಗಳಿಗೆ ಅರ್ಜಿ ಬರೆಯುವಾಗ ನಮ್ಮ ಹೊಲಗಳ ಹೆಸರಿನ ಕೆಳಗೆ ಕಡಲೂರಿನ ಹೆಸರನ್ನೂ ಸೇರಿಸಿ ಬರೆಯಿರಿ.